ಅವಿಶ್ವಾಸ ಗೊತ್ತುವಳಿ: ನ್ಯಾಯಾಲಯ ನೋಡುವುದು ಏನನ್ನು?

ಅವಿಶ್ವಾಸ ಗೊತ್ತುವಳಿಯ ನೋಟಿಸು ಕೈಸೇರಿದ ಗ್ರಾಮ ಪಂಚಾಯಿತಿ ಅಧ್ಯಕ್ಷರು ಮೊದಲು ಹುಡುಕುವುದು ವಕೀಲರನ್ನು. ಗದಗ, ಹಾವೇರಿ, ಧಾರವಾಡ ಜಿಲ್ಲೆಗಳವರು ಅದನ್ನು ಪ್ರಶ್ನಿಸುವ ರಿಟ್ ಅರ್ಜಿಗಾಗಿ ಹಿಂದೆ ಬೆಂಗಳೂರಿನ ಹೈಕೋರ್ಟಿಗೇ ಹೋಗಬೇಕಿತ್ತು. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದ ಹೈಕೋರ್ಟಿನ ಧಾರವಾಡ ಪೀಠ ಬಂದ ಮೇಲೆ, ಶಿರಹಟ್ಟಿಯಿಂದಲೋ ಹಾನಗಲ್ಲಿನಿಂದಲೋ ಬೆಳಗಿನ ಬಸ್ಸು ಹಿಡಿದವರು ಕೆಲಸ ಮುಗಿಸಿ ಅದೇ ದಿನ ಊರು ಸೇರುತ್ತಾರೆ. ವೃತ್ತಿಯಿಂದ ವಕೀಲನಾದ ನನ್ನ ಮುಂದೆ ಕುಳಿತವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: “ನನ್ನನ್ಯಾಕ ಇಳಸ್ತಾರ ಅನ್ನೋದನ್ನ ಕೋರ್ಟ್ ಕೇಳೂದಿಲ್ಲೇನ್ರೀ?”

ಕೇಳುವುದಿಲ್ಲ. ಖಂಡನಾ ನಿರ್ಣಯಕ್ಕೆ ಕಾರಣ ಬೇಕು, ಅವಿಶ್ವಾಸ ನಿರ್ಣಯಕ್ಕೆ ಕಾನೂನೇ ಕೇಳದ ಹೊರತು ಕಾರಣ ಬೇಕಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು ಬಾಬುಭಾಯಿ ಮುಲ್ಜಿಭಾಯಿ ಪಟೇಲ್ ಪ್ರಕರಣದಲ್ಲಿ 1974ರಷ್ಟು ಹಿಂದೆಯೇ ಹೇಳಿದೆ. ಪಂಚಾಯಿತಿಗಳ ಕುರಿತಾದ ಸಂವಿಧಾನದ ಒಂಬತ್ತನೇ ಭಾಗದಲ್ಲಿ ಅವಿಶ್ವಾಸದ ಮಾತೇ ಇಲ್ಲದಿರುವಾಗ ರಾಜ್ಯಗಳು ಅದನ್ನು ತರಬಹುದೇ ಎಂಬ ವಾದವೂ ಉತ್ತರ ಪ್ರದೇಶದ ಭಾನುಮತಿ ಪ್ರಕರಣದಲ್ಲಿ, 2010ರಲ್ಲಿ, ಬಿದ್ದುಹೋಯಿತು. ಆದ್ದರಿಂದ ಗುಂಪುಗಾರಿಕೆ, ಜಾತಿ, ಕಾಮಗಾರಿ ಬಿಲ್ಲಿನ ಜಗಳ ಇವೆಲ್ಲ ಅರ್ಜಿಯಲ್ಲಿ ಎಷ್ಟೇ ಪುಟ ತುಂಬಿದರೂ ತೀರ್ಪಿನಲ್ಲಿ ಅವಕ್ಕೆ ಜಾಗ ಸಿಗುವುದು ಅಪರೂಪ.

ನ್ಯಾಯಾಲಯ ನೋಡುವುದು ವಿಧಾನವನ್ನು. ಕರ್ನಾಟಕದ 1993ರ ಪಂಚಾಯತ್ ರಾಜ್ ಅಧಿನಿಯಮದ 49ನೇ ಕಲಮಿನ ಪ್ರಕಾರ ಗೊತ್ತುವಳಿಗೆ ಒಟ್ಟು ಸದಸ್ಯರ ಮೂರನೇ ಎರಡರಷ್ಟು ಬಹುಮತ ಬೇಕು. ಹಾಜರಿದ್ದವರ ಲೆಕ್ಕವಲ್ಲ, ಒಟ್ಟು ಸದಸ್ಯರ ಲೆಕ್ಕ. ಹದಿಮೂರು ಸದಸ್ಯರ ಪಂಚಾಯಿತಿಯಲ್ಲಿ ಒಂಬತ್ತು ಮತ ಬೀಳಲೇಬೇಕು, ಎಂಟಕ್ಕೆ ನಿಂತರೆ ಅಧ್ಯಕ್ಷರು ಉಳಿದರು. ಇನ್ನುಳಿದ ಗಲಾಟೆಯೆಲ್ಲ ಅವಿಶ್ವಾಸ ಗೊತ್ತುವಳಿಗೆಂದೇ ಇರುವ 1994ರ ನಿಯಮಗಳ 3ನೇ ನಿಯಮದ ಸುತ್ತ ನಡೆಯುತ್ತದೆ. ಗೊತ್ತುವಳಿಯ ನೋಟಿಸಿಗೆ ಸಹಿ ಹಾಕಿದ ಸದಸ್ಯರಲ್ಲಿ ಇಬ್ಬರು ಖುದ್ದಾಗಿ ಹೋಗಿ ಅದನ್ನು ಉಪವಿಭಾಗಾಧಿಕಾರಿಗೆ (ಎ.ಸಿ.) ಕೊಡಬೇಕು. ಆ ಅಧಿಕಾರಿ ಅಂದಿನಿಂದ ಮೂವತ್ತು ದಿನ ಮೀರದಂತೆ ಸಭೆ ಕರೆಯಬೇಕು. ಸದಸ್ಯರಿಗೆ ಪೂರ್ಣ ಹದಿನೈದು ದಿನಗಳ ಮುನ್ಸೂಚನೆ ಕೊಡಬೇಕು.

ಈ ‘ಪೂರ್ಣ ಹದಿನೈದು ದಿನ’ದಲ್ಲಿ ಎಡವಿದವರು ಬಹಳ. ಒಂದನೇ ತಾರೀಖಿಗೆ ನೋಟಿಸು ಕೈಸೇರಿದರೆ ಸಭೆ ಹದಿನಾರಕ್ಕಲ್ಲ, ಹದಿನೇಳಕ್ಕೆ. ತಲುಪಿದ ದಿನವನ್ನೂ ಸಭೆಯ ದಿನವನ್ನೂ ಬಿಟ್ಟು ನಡುವಿನ ದಿನಗಳನ್ನಷ್ಟೇ ಎಣಿಸಬೇಕು. ಮೇಲೆ ಮೂವತ್ತು ದಿನದ ಮಿತಿ, ಕೆಳಗೆ ಹದಿನೈದು ದಿನದ ಅಂತರ, ಹೀಗಾಗಿ ಗದಗಿನ ಅಥವಾ ಸವಣೂರಿನ ಎ.ಸಿ. ಕಚೇರಿಗೆ ದಿನಾಂಕ ಗೊತ್ತುಮಾಡಿ ಎಲ್ಲ ಸದಸ್ಯರಿಗೂ ನೋಟಿಸು ತಲುಪಿಸಲು ಉಳಿಯುವುದು ಎರಡೇ ವಾರ. ಅಷ್ಟರಲ್ಲಿ ಸಹಿ ಮಾಡಿದ ಸದಸ್ಯರು ‘ಪ್ರವಾಸ’ ಹೊರಟು ದಾಂಡೇಲಿಯಲ್ಲೋ ಗೋವಾದಲ್ಲೋ ಇರುತ್ತಾರೆ, ನೋಟಿಸು ಹಿಡಿದ ಸಿಬ್ಬಂದಿ ಬೀಗ ಹಾಕಿದ ಬಾಗಿಲ ಮುಂದೆ ನಿಂತಿರುತ್ತಾರೆ.

ಒಂದು ದಿನ ಕಡಿಮೆಯಾದರೆ ಗೊತ್ತುವಳಿಯೇ ಬಿದ್ದುಹೋಗಬೇಕೇ? ಮೈಸೂರು ಪಟ್ಟಣ ಪುರಸಭೆಗಳ ಕಾಯ್ದೆಯಡಿ ಬಂದ ಕೆ. ನರಸಿಂಹಯ್ಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಮೂರು ಪೂರ್ಣ ದಿನಗಳ ನೋಟಿಸಿನ ನಿಯಮ ನಿರ್ದೇಶನಾತ್ಮಕವೇ ಹೊರತು ಕಡ್ಡಾಯವಲ್ಲ, ಯಾರಿಗೂ ಬಾಧೆಯಾಗದಿದ್ದರೆ ಸಭೆ ಊರ್ಜಿತ ಎಂದಿತು. ಈ ತರ್ಕವನ್ನು ಹಳ್ಳಿಗೆ ಹಾಗೆಯೇ ತಂದು ಕೂರಿಸುವಾಗ ನನಗೆ ಅಳುಕಾಗುತ್ತದೆ. ಮೀಸಲಾತಿಯಿಂದ ಮೊದಲ ಸಲ ಖುರ್ಚಿ ಹತ್ತಿದ ಮಹಿಳೆಗೆ, ಹಿಂದೆ ಯಾವ ಗುಂಪೂ ಇಲ್ಲದ ಅಧ್ಯಕ್ಷರಿಗೆ, ಸದಸ್ಯರ ಮನೆ ಬಾಗಿಲಿಗೆ ಹೋಗಿ ಮಾತಾಡಲು ಸಿಗುವುದು ಆ ಹದಿನೈದು ದಿನಗಳೇ. ಕಾರಣ ಹೇಳಬೇಕಿಲ್ಲ ಎಂದು ಕಾನೂನು ಒಮ್ಮೆ ಒಪ್ಪಿದ ಮೇಲೆ ಅವರ ಪಾಲಿಗೆ ಉಳಿದ ರಕ್ಷಣೆ ಕಾಲಾವಕಾಶ ಮಾತ್ರ. ಅದನ್ನು ಬಿಗಿಯಾಗಿಯೇ ಹಿಡಿಯಬೇಕು ಎಂಬುದು ನನ್ನ ಅಭಿಪ್ರಾಯ, ಎದುರು ಪಕ್ಷದ ವಕಾಲತ್ತು ನನ್ನ ಕೈಯಲ್ಲಿದ್ದಾಗಲೂ.

ಆದರೆ ಸಭೆಗೆ ಮೊದಲೇ ತರುವ ತಡೆಯಾಜ್ಞೆಯ ವಿಷಯದಲ್ಲಿ ನನ್ನ ನಿಲುವು ಬೇರೆ. ಅಧ್ಯಕ್ಷಗಿರಿಯ ಅವಧಿ ಈಗ ಮೂವತ್ತು ತಿಂಗಳು, ಅದರಲ್ಲಿ ಮೊದಲ ಹದಿನೈದು ತಿಂಗಳು ಅವಿಶ್ವಾಸ ಮಂಡಿಸುವಂತಿಲ್ಲ. ಉಳಿದ ಹದಿನೈದರಲ್ಲಿ ಆರು ತಿಂಗಳು ‘ಸ್ಟೇ’ಯಲ್ಲಿ ಕಳೆದರೆ ಗೆದ್ದವರು ಯಾರೆಂದು ಕೇಳುವ ಅಗತ್ಯವೇ ಇರುವುದಿಲ್ಲ. ತಡೆ ತೆರವಾದ ತಿಳಿವಳಿಕೆ ಬಂದ ಮೂವತ್ತು ದಿನಗಳೊಳಗೆ ಸಭೆ ನಡೆಯಬೇಕೆಂದು ನಿಯಮದಲ್ಲೇ ಇದೆ, ತೆರವಾಗುವುದು ಯಾವಾಗ ಎಂಬುದಕ್ಕೆ ಮಿತಿಯಿಲ್ಲ. ಮೇಲ್ನೋಟಕ್ಕೇ ದಿನಗಳ ಲೆಕ್ಕ ತಪ್ಪಿದ್ದರೆ ಸಭೆಯನ್ನು ತಡೆಯಲಿ. ಉಳಿದ ಪ್ರಕರಣಗಳಲ್ಲಿ ಸಭೆ ನಡೆದು ಮತದಾನವಾಗಲಿ, ಫಲಿತಾಂಶ ಅರ್ಜಿಯ ಅಂತಿಮ ತೀರ್ಪಿಗೆ ಒಳಪಟ್ಟಿರಲಿ, ಅಲ್ಲಿಯತನಕ ಹೊಸ ಅಧ್ಯಕ್ಷರ ಚುನಾವಣೆಯೊಂದನ್ನು ಮಾತ್ರ ತಡೆಹಿಡಿದು ಉಪಾಧ್ಯಕ್ಷರಿಂದ ಕೆಲಸ ನಡೆಸಲಿ. ಇಬ್ಬರ ಮೇಲೂ ಒಟ್ಟಿಗೇ ಅವಿಶ್ವಾಸ ಬಂದಿದ್ದರೆ ಈ ದಾರಿಯೂ ಕಷ್ಟ. ಅಂಥ ಅರ್ಜಿಗಳನ್ನು ವಾರಗಳಲ್ಲೇ ವಿಚಾರಣೆಗೆ ತೆಗೆದುಕೊಂಡು ಇತ್ಯರ್ಥ ಮಾಡಬೇಕಾಗುತ್ತದೆ.