ಮೊದಲ ಮೇಕಪ್ ಕಿಟ್‌ಗೆ ಏನೇನು ತಗೋಬೇಕು?

"ಅಕ್ಕಾ, ಕೋರ್ಸ್ ಮುಗೀತು, ಈಗ ಕಿಟ್ ಮಾಡ್ಕೋಬೇಕು. ಯಾವ ಐಶ್ಯಾಡೋ ಪ್ಯಾಲೆಟ್ ತಗೊಳ್ಲಿ?" ಇಂಥ ಮೆಸೇಜ್ ನನಗೆ ಆಗಾಗ ಬರುತ್ತಲೇ ಇರುತ್ತದೆ.

ಐಶ್ಯಾಡೋ ಆಮೇಲೆ ನೋಡೋಣ. ಮೊದಲು ಒಂದು ಸ್ಟೀಲ್ ಪ್ಲೇಟ್, ಒಂದು ಸ್ಪ್ಯಾಚುಲಾ (ಕೆರೆದು ತೆಗೆಯುವ ಚಪ್ಪಟೆ ಕಡ್ಡಿ), ಒಮ್ಮೆ ಬಳಸಿ ಬಿಸಾಡುವ ಮಸ್ಕರಾ ಕಡ್ಡಿಗಳು ಮತ್ತು ಕ್ರಿಮಿ ಕೊಲ್ಲಲು ಒಂದು ಬಾಟಲಿ 70% ಐಸೊಪ್ರೊಪೈಲ್ ಆಲ್ಕೋಹಾಲ್ ತಗೊಳ್ಳಿ. 99% ಇದ್ದರೆ ಇನ್ನೂ ಒಳ್ಳೇದಲ್ವಾ ಅಂತ ಕೇಳುತ್ತಾರೆ. ಅಲ್ಲ. ಅದು ಬೇಗ ಆರಿಹೋಗುತ್ತದೆ. ಸ್ವಲ್ಪ ನೀರು ಬೆರೆತಿದ್ದರೇ ಕ್ರಿಮಿಗಳನ್ನು ಚೆನ್ನಾಗಿ ಕೊಲ್ಲುತ್ತದೆ.

ನಿಮ್ಮ ಸ್ವಂತ ಲಿಪ್‌ಸ್ಟಿಕ್ ಅನ್ನು ನೇರವಾಗಿ ತುಟಿಗೆ ಹಚ್ಚಿಕೊಳ್ಳಬಹುದು. ಕೆಲಸದಲ್ಲಿ ಹಾಗಲ್ಲ, ಸ್ಪ್ಯಾಚುಲಾದಿಂದ ಕೆರೆದು ಪ್ಲೇಟಿಗೆ ಹಾಕಿ, ಅಲ್ಲಿಂದ ಬ್ರಶ್‌ನಲ್ಲಿ ತಗೋಬೇಕು. ಮಸ್ಕರಾ ಕಡ್ಡಿಯನ್ನು ಒಮ್ಮೆ ರೆಪ್ಪೆಗೆ ತಾಗಿಸಿದ ಮೇಲೆ ಮತ್ತೆ ಟ್ಯೂಬಿಗೆ ಅದ್ದಲೇಬಾರದು. ಕಣ್ಣಿನ ಸೋಂಕು ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದು ಹೀಗೇ. ನಿಮ್ಮ ಮುಂದೆ ಕೂತವರು ಕಣ್ಣು ಮುಚ್ಚಿ ಮುಖ ಒಪ್ಪಿಸಿರುತ್ತಾರೆ, ನೀವು ಏನು ಮಾಡುತ್ತೀರಿ ಅಂತ ಅವರಿಗೆ ಕಾಣುವುದೂ ಇಲ್ಲ.

ಆಮೇಲೆ ಫೌಂಡೇಶನ್. ದುಡ್ಡು ಜಾಸ್ತಿ ಹಾಕಬೇಕಾದ್ದು ಇಲ್ಲೇ. ನನ್ನ ಮೊದಲ ವರ್ಷದಲ್ಲಿ ನನ್ನ ಬಣ್ಣಕ್ಕೆ ಹತ್ತಿರದ ಶೇಡುಗಳನ್ನೇ ಕೊಂಡಿದ್ದೆ. ಒಂದು ದಿನ ನನಗಿಂತ ತುಂಬಾ ಕಪ್ಪಗಿದ್ದವರೊಬ್ಬರು ಬಂದು ಕೂತರು. ಇದ್ದದ್ದರಲ್ಲೇ ಗಾಢವಾದದ್ದನ್ನು ಹಚ್ಚಿದೆ. ಮುಖಕ್ಕೆ ಬೂದಿ ಬಳಿದಂತೆ ಕಂಡಿತು. ಅವರು ಕನ್ನಡಿ ನೋಡಿ, "ಪರವಾಗಿಲ್ಲ ಬಿಡಿ" ಎಂದರು. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಎಲ್ಲ ಶೇಡೂ ಬೇಕಿಲ್ಲ. ತೀರಾ ತಿಳಿ ಬಣ್ಣದ್ದು ಒಂದು, ತೀರಾ ಗಾಢದ್ದು ಒಂದು, ನಡುವೆ ಮೂರ್ನಾಲ್ಕು. ಎಲ್ಲವೂ ಒಂದೇ ಬಗೆಯದಾಗಿರಲಿ, ನೀರು ಆಧಾರದ್ದನ್ನೂ ಸಿಲಿಕೋನ್ ಆಧಾರದ್ದನ್ನೂ ಬೆರೆಸಿದರೆ ಒಡೆದುಹೋಗುತ್ತವೆ. ಪ್ಲೇಟಿನ ಮೇಲೆ ಎರಡು ಶೇಡು ಕಲಸಿ, ದವಡೆಯಿಂದ ಕುತ್ತಿಗೆಗೆ ಒಂದು ಗೆರೆ ಎಳೆಯಿರಿ. ಕಿಟಕಿಯ ಬೆಳಕಿನಲ್ಲಿ ಎರಡು ನಿಮಿಷ ಕಾಯಿರಿ. ಕೆಲವು ಹಚ್ಚಿದ ಮೇಲೆ ಒಂದು ಹದ ಕಪ್ಪಾಗುತ್ತವೆ. ಗೆರೆ ಚರ್ಮದಲ್ಲಿ ಕರಗಿ ಕಾಣದಾದರೆ ಅದೇ ಸರಿಯಾದ ಬಣ್ಣ. ಕಣ್ಣ ಕೆಳಗಿನ ನೀಲಿಗಪ್ಪಿಗೆ ಕಿತ್ತಳೆ ಅಥವಾ ಪೀಚ್ ಬಣ್ಣದ ಕರೆಕ್ಟರ್ (ಆ ನೀಲಿಯನ್ನು ತಗ್ಗಿಸುವ ಕ್ರೀಮ್) ಇಟ್ಟುಕೊಳ್ಳಿ. ಅದಿಲ್ಲದೆ ಬರೀ ಕನ್ಸೀಲರ್, ಅಂದರೆ ಕಲೆ ಮುಚ್ಚುವ ಚರ್ಮದ ಬಣ್ಣದ ಕ್ರೀಮ್, ಮೆತ್ತಿದರೆ ಬೂದು ಬೂದಾಗಿ ಕಾಣುತ್ತದೆ.

ಐಶ್ಯಾಡೋಗೆ ಕಂದು ಛಾಯೆಗಳ ಒಂದು ಮ್ಯಾಟ್ (ಹೊಳಪಿಲ್ಲದ) ಪ್ಯಾಲೆಟ್, ಸ್ವಲ್ಪ ಶಿಮ್ಮರ್ (ಮಿನುಗುವ ಬಣ್ಣ) ಸಾಕು. ಬ್ಲಶ್ ಎರಡು, ಲಿಪ್‌ಸ್ಟಿಕ್ ಐದಾರು, ಕಲಸಿದರೆ ಹತ್ತಾಗುತ್ತವೆ. ಕೃತಕ ರೆಪ್ಪೆಗೂದಲು ಅಂಟಿಸುವ ಅಂಟು ಮಾತ್ರ ಲೇಟೆಕ್ಸ್ (ರಬ್ಬರ್ ಹಾಲು) ಇಲ್ಲದ್ದೇ ಇರಲಿ. ಲೇಟೆಕ್ಸ್ ಒಗ್ಗದವರು ಇರುತ್ತಾರೆ, ಎಷ್ಟೋ ಜನಕ್ಕೆ ಅದು ಗೊತ್ತೇ ಇರುವುದಿಲ್ಲ.

ಪೌಡರ್ ಕೊಂಡ ದಿನವೇ ನಿಮ್ಮ ಮುಖಕ್ಕೆ ಹಚ್ಚಿ, ಕತ್ತಲ ಕೋಣೆಯಲ್ಲಿ ಫ್ಲ್ಯಾಶ್ ಹಾಕಿ ಫೋಟೋ ತೆಗೆಯಿರಿ. ಸಿಲಿಕಾ ಜಾಸ್ತಿ ಇರುವ ಪೌಡರ್ ಕನ್ನಡಿಯಲ್ಲಿ ಚೆನ್ನಾಗಿಯೇ ಕಂಡು, ಫೋಟೋದಲ್ಲಿ ಬೆಳ್ಳಗೆ ಮಚ್ಚೆಯಾಗಿ ಬರುತ್ತದೆ.

ಬ್ರಶ್ ಎರಡು ಸೆಟ್ ಬೇಕು. ಒಂದು ಒಣಗುವಾಗ ಇನ್ನೊಂದು ಕೆಲಸಕ್ಕೆ. ತೊಳೆದ ಬ್ರಶ್ಶನ್ನು ಸುಮ್ನೆ ಲೋಟದಲ್ಲಿ ನೆಟ್ಟಗೆ ನಿಲ್ಲಿಸಬೇಡಿ, ನೀರು ಬುಡಕ್ಕಿಳಿದು ಅಂಟು ಬಿಡುತ್ತದೆ. ಅಡ್ಡ ಮಲಗಿಸಿ.

ಮತ್ತೆ, ಏನೇ ತೆರೆದರೂ ಅದರ ಮೇಲೆ ಒಂದು ಟೇಪು ಅಂಟಿಸಿ ತಾರೀಖು ಬರೆಯಿರಿ. ಡಬ್ಬಿಯ ಹಿಂದೆ ಮುಚ್ಚಳ ತೆರೆದ ಪುಟ್ಟ ಚಿತ್ರದಲ್ಲಿ 6 ಅಥವಾ 12 ಅಂತ ಇರುತ್ತದಲ್ಲ, ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದು. ಮಸ್ಕರಾ ಮಾತ್ರ ಮೂರು ತಿಂಗಳಾಗುತ್ತಲೇ ಕಸಕ್ಕೆ, ಅರ್ಧ ಉಳಿದಿದ್ದರೂ ಸರಿ.