ಲಾರಿ ಪಟ್ಟಿಯ ಚಾಕು, ಬಳ್ಳಾರಿ ಜಾಲಿಯ ಹಿಡಿ

ಅಪ್ಪನ ಚಾಕುವಿಗೆ ಹಿಡಿ ಅಂತ ಒಂದು ಇರಲೇ ಇಲ್ಲ. ಕಬ್ಬಿಣದ ಎರಡೂ ಮಗ್ಗುಲಿಗೆ ಬಿದಿರಿನ ಸೀಳಿಟ್ಟು ಮೇಲೆ ಸೈಕಲ್ ಟ್ಯೂಬು ಬಿಗಿದು ಸುತ್ತಿದ್ದರು, ಅಷ್ಟೇ. ಬಿಸಿಲಿಗೆ ಟ್ಯೂಬು ಅಂಟಂಟಾಗಿ ಅಂಗೈಗೆ ಕಪ್ಪು ಹತ್ತಲು ಶುರುವಾದರೆ ಬಿಚ್ಚಿ ಎಸೆದು ಹೊಸದು ಸುತ್ತುವುದು. ಹದಿನೈದು ವರ್ಷ ಹೀಗೇ ನಡೆಯಿತು.

ಆ ಚಾಕು ಹುಟ್ಟಿದ್ದು ಅಪ್ಪ ಓಡಿಸುತ್ತಿದ್ದ ಲಾರಿಯ ಕಮಾನ್ ಪಟ್ಟಿಯಿಂದ, ಅಂದರೆ ಭಾರ ಹೊರುವ ಸ್ಪ್ರಿಂಗ್ ಪಟ್ಟಿಯಿಂದ. ಅದಿರಿನ ಕಾಲ ಅದು. ಸಂಡೂರಿನಲ್ಲಿ ತುಂಬಿಕೊಂಡು ಕರಾವಳಿ ಕಡೆ ಹೊರಟರೆ ಮನೆಗೆ ಬರುವುದು ಯಾವಾಗಲೋ. ಹೊತ್ತ ಭಾರಕ್ಕೆ, ಆ ರಸ್ತೆಯ ಗುಂಡಿಗೆ, ಪಟ್ಟಿ ಮುರಿಯುವುದು ಮಾಮೂಲು. ಹಾಗೆ ಮುರಿದ ಒಂದು ತುಂಡನ್ನು ಅಪ್ಪ ಕಂಬಾರರ ಕುಲುಮೆಗೆ ಒಯ್ದು ಬಡಿಸಿಕೊಂಡು ಬಂದಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತಲ್ಲ, ಮುಂದಿನ ವರ್ಷವೇ ಲಾರಿ ಮಾರಾಟವಾಯಿತು. ಚಾಕು ಮಾತ್ರ ಮನೆಯಲ್ಲಿ ಉಳಿಯಿತು. ತೆಂಗಿನಕಾಯಿ ಸಿಪ್ಪೆಗೂ ಅದೇ, ಬೇಲಿ ಕಡ್ಡಿಗೂ ಅದೇ.

ಕಳೆದ ಜನವರಿಯಲ್ಲಿ ಮೊಬೈಲಿನಲ್ಲಿ ಚಾಕುವಿಗೆ ಹಿಡಿ ಹಾಕುವ ಒಂದಿಷ್ಟು ವಿಡಿಯೋ ನೋಡಿ ನನಗೆ ಹುಚ್ಚು ಹತ್ತಿತು. ಟ್ಯೂಬು ಬಿಚ್ಚಿದೆ. ಒಳಗೆ ತುಕ್ಕು ಹಿಡಿದ ಪಟ್ಟಿ, ಅಲಗಿನಷ್ಟೇ ಅಗಲವಾಗಿ ಹಿಡಿಯ ತುದಿವರೆಗೂ ಬಂದಿತ್ತು. ಅದರಲ್ಲಿ ಮೂರು ತೂತು. ಕಂಬಾರರು ಕೆಂಪಗೆ ಕಾಯಿಸಿ ಉಳಿಯಿಂದ ಹೊಡೆದು ಮಾಡಿದ್ದರಿಂದ ಒಂದೂ ಸರಿಯಾಗಿ ದುಂಡಗಿಲ್ಲ, ಮೂರೂ ಒಂದೇ ಗೆರೆಯಲ್ಲೂ ಇಲ್ಲ. ಬಿಚ್ಚಿದ ಟ್ಯೂಬನ್ನು ಅಪ್ಪ ಕೊಡವಿ ಕಿಟಕಿ ಸರಳಿಗೆ ನೇತುಹಾಕಿದರು.

“ಹಾಕೋದಿದ್ರೆ ಜಾಲಿ ಹಾಕು” ಅಂದರು. ಅವರು ಹೇಳಿದ್ದು ಕರಿಜಾಲಿ. ಬಂಡಿಗೆ, ಕುಂಟೆಗೆ, ಕುಡುಗೋಲಿನ ಹಿಡಿಗೆ ಹಿಂದಿನವರು ಬಳಸುತ್ತಿದ್ದದ್ದು. ನನಗೆ ಸಿಕ್ಕಿದ್ದು ಮನೆ ಹಿಂದಿನ ಬಳ್ಳಾರಿ ಜಾಲಿ. ಮೆಕ್ಸಿಕೋ, ದಕ್ಷಿಣ ಅಮೆರಿಕ ಕಡೆಯಿಂದ ಬ್ರಿಟಿಷರ ಕಾಲದಲ್ಲಿ ಬಂದ ಗಿಡ. ಹೆಸರಿಗೆ ಮಾತ್ರ ನಮ್ಮೂರಿಗೆ ಗಂಟುಬಿದ್ದಿದೆ. ಮುಳ್ಳು ಚುಚ್ಚಿದರೆ ವಾರಗಟ್ಟಲೆ ಬಾವು. ಸೌದೆಗೆ, ಇದ್ದಿಲಿಗೆ ಬಿಟ್ಟರೆ ಅದನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ತೋಳಿನಷ್ಟು ದಪ್ಪದ ಕೊಂಬೆ ಕುಯ್ದಾಗ ಒಳಗೆ ಬೆಲ್ಲದ ಬಣ್ಣ ಕಂಡಿತು. ಗರಗಸದ ಹಲ್ಲು ಸುಲಭಕ್ಕೆ ಇಳಿಯಲಿಲ್ಲ. ಅದಕ್ಕೇ ಅದರ ಮೇಲೆ ಆಸೆಯಾಯಿತು.

ಮೊದಲ ಜೋಡಿ ಹಲಗೆಯನ್ನು ನಾನೇ ಹಾಳು ಮಾಡಿದೆ. ಹಸಿ ಮರವನ್ನು ಸೀಳಿ, ಬೇಗ ಒಣಗಲಿ ಅಂತ ಮಾಳಿಗೆ ಮೇಲೆ ಇಟ್ಟೆ. ಮೂರನೇ ದಿನಕ್ಕೆ ಎರಡೂ ತುದಿಯಿಂದ ಬಿರುಕು. ನೀರು ಮರದ ಮಗ್ಗುಲಿಗಿಂತ ಕುಯ್ದ ತುದಿಗಳಿಂದ ಬಹಳ ಬೇಗ ಹೊರಗೆ ಹೋಗುತ್ತದೆ. ತುದಿ ಒಣಗಿ ಕುಗ್ಗುತ್ತದೆ, ನಡುವೆ ಇನ್ನೂ ಹಸಿ ಇರುತ್ತದೆ, ಸೀಳದೆ ಬೇರೆ ದಾರಿ ಇಲ್ಲ. ಎರಡನೇ ಜೋಡಿಯ ತುದಿಗಳಿಗೆ ಮೇಣದಬತ್ತಿ ಕರಗಿಸಿ ಬಳಿದು, ಗೋಣಿಚೀಲದಲ್ಲಿ ಸುತ್ತಿ, ಮಂಚದ ಕೆಳಗೆ ಇಟ್ಟೆ. ಮೂರು ತಿಂಗಳು ಮುಟ್ಟಲಿಲ್ಲ. ಕಸ ಗುಡಿಸುವಾಗಲೆಲ್ಲ ಅವ್ವನಿಗೆ ಅದು ಕಾಲಿಗೆ ಸಿಗುತ್ತಿತ್ತು, ನನಗೆ ಬೈಗುಳ ಸಿಗುತ್ತಿತ್ತು.

ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಆರಕ್ಕೇ ಪಡಸಾಲೆಯಲ್ಲಿ ಕೂತೆ. ಹತ್ತು ದಾಟಿದರೆ ಬಳ್ಳಾರಿಯಲ್ಲಿ ಮೇ ಯಾವ ಕೆಲಸಕ್ಕೂ ಬಿಡುವುದಿಲ್ಲ. ಮೊದಲು ಅಲಗಿಗೆ ಹಳೇ ಬನಿಯನ್ನಿನ ಬಟ್ಟೆ ಸುತ್ತಿ ಟೇಪು ಹಚ್ಚಿದೆ. ಈ ಬುದ್ಧಿ ಬರುವುದಕ್ಕೆ ಜನವರಿಯಲ್ಲೇ ಹೆಬ್ಬೆರಳು ಕುಯ್ದುಕೊಂಡು ಕಲಿತಿದ್ದೆ. ಒಂದು ಹಲಗೆಯ ಮೇಲೆ ಪಟ್ಟಿ ಒತ್ತಿಟ್ಟು, ಕಬ್ಬಿಣದ ತೂತಿನ ಮೂಲಕವೇ ಮರಕ್ಕೆ ಡ್ರಿಲ್ ಇಳಿಸಿದೆ. ಕಂಬಾರರ ಸೊಟ್ಟ ತೂತು ಎಲ್ಲಿದೆಯೋ ಅಲ್ಲೇ ನನ್ನದೂ. ಆಮೇಲೆ ಇನ್ನೊಂದು ಮಗ್ಗುಲು. ಐದು ಮಿಲಿಮೀಟರಿನ ಹಿತ್ತಾಳೆ ಸರಳಿನ ಮೂರು ತುಂಡು ತೂರಿಸಿ ನೋಡಿದರೆ ಕೂತವು.

ನಾನು ಕೂತಲ್ಲಿಂದ ಸಂಗನಕಲ್ಲಿನ ಗುಡ್ಡಗಳು ಕಾಣುತ್ತವೆ. ಸಾವಿರಾರು ವರ್ಷಗಳ ಹಿಂದೆ ಅಲ್ಲಿ ಕರಿಗಲ್ಲಿನ ಕೊಡಲಿ ಮಾಡುತ್ತಿದ್ದವರು ಬಂಡೆಗೆ ತಿಕ್ಕಿ ತಿಕ್ಕಿ ಅರೆದ ಗುಳಿಗಳು ಇವತ್ತಿಗೂ ಇವೆ. ಬಳ್ಳಾರಿಯ ಮ್ಯೂಸಿಯಂನಲ್ಲಿ ಆ ಕೊಡಲಿಗಳನ್ನು ಸಾಲಾಗಿ ಇಟ್ಟಿದ್ದಾರೆ. ಕಲ್ಲು ಹಾಗೇ ಇದೆ, ಹಾಕಿದ ಮರದ ಹಿಡಿ ಮಾತ್ರ ಮಣ್ಣಾಗಿ ಹೋಗಿದೆ. ಯಾವ ಮರ ಹಾಕುತ್ತಿದ್ದರೋ! ಬಳ್ಳಾರಿ ಜಾಲಿಯಂತೂ ಆಗಿರಲಿಕ್ಕಿಲ್ಲ.

ಅಂಟು ಹಚ್ಚುವ ಮುಂಚೆ ಕಬ್ಬಿಣವನ್ನು ಒರಟು ಸ್ಯಾಂಡ್‌ಪೇಪರಿನಿಂದ ಉಜ್ಜಿ ಗೀರು ಎಬ್ಬಿಸಿ, ಥಿನ್ನರಿನಿಂದ ಎಣ್ಣೆ ಜಿಡ್ಡು ಒರೆಸಬೇಕು. ನುಣುಪಿದ್ದರೆ ಅಂಟಿಗೆ ಹಿಡಿತ ಸಿಗುವುದಿಲ್ಲ. ಅರಾಲ್ಡೈಟಿನ ಎರಡೂ ಟ್ಯೂಬು ಸಮಸಮ ಹಿಂಡಿ, ಕಲಸಿ, ಹಚ್ಚಿ, ಹಲಗೆ ಕೂರಿಸಿ, ಹಿತ್ತಾಳೆ ಪಿನ್ನು ಹೊಡೆದೆ. ಆಗ ನೆನಪಾಯಿತು, ಕ್ಲಾಂಪ್ ತಂದೇ ಇಲ್ಲ.

ಅಪ್ಪ ಎದ್ದು ಹೋಗಿ ಕಿಟಕಿ ಸರಳಿನಿಂದ ಆ ಟ್ಯೂಬನ್ನೇ ತಂದರು. “ಹಿಡಿ ಸರಿಯಾಗಿ” ಅಂತ ನನ್ನ ಕೈಗೆ ಚಾಕು ಕೊಟ್ಟು, ಎಳೆದೆಳೆದು ಸುತ್ತಿದರು. ಹೊಸ ಹಿಡಿ ನೋಡಲು ಹಳೇ ಹಿಡಿಯಂತೆಯೇ ಕಂಡಿತು. ಎಲ್ಲ ಸಂದಿಯಿಂದಲೂ ಸಮನಾಗಿ ಅಂಟು ಒಸರಿತು. ಅಷ್ಟು ಚಂದ ಯಾವ ಕ್ಲಾಂಪೂ ಒತ್ತುತ್ತಿರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ.

ತಪ್ಪಾಗಿದ್ದು ಇನ್ನೊಂದು ಕಡೆ. ಅಲಗಿನ ಕಡೆಗಿರುವ ಮರದ ಮುಂದಿನ ಅಂಚನ್ನು ಅಂಟಿಸುವ ಮೊದಲೇ ನುಣುಪು ಮಾಡಿಬಿಡಬೇಕು. ಆಮೇಲೆ ಅಲ್ಲಿಗೆ ಅರ ಹಾಕಿದರೆ ಅಲಗಿಗೆ ಗೀರು. ನಾನು ಮಾಡಿರಲಿಲ್ಲ. ಅಲ್ಲಿ ಒಸರಿದ ಅಂಟನ್ನು ಹಸಿ ಇದ್ದಾಗ ಒರೆಸಲೂ ಇಲ್ಲ. ಮರುದಿನ ಟ್ಯೂಬು ಬಿಚ್ಚಿದರೆ ಮೂಲೆಯಲ್ಲಿ ಅಂಟಿನ ಗಡ್ಡೆ, ಗಾಜಿನಷ್ಟು ಗಟ್ಟಿ. ಬ್ಲೇಡಿನ ಮೂಲೆಯಿಂದ ಒಂದು ಗಂಟೆ ಕೆರೆದೆ. ಬೆಳಕಿಗೆ ಹಿಡಿದರೆ ಇವತ್ತಿಗೂ ಎರಡು ಗೀರು ಕಾಣುತ್ತವೆ.

ಅರದಿಂದ ಆಕಾರ ತೆಗೆದದ್ದು ಎರಡು ಸಂಜೆ. ಪುಡಿ ಮೂಗಿಗೆ ಹೋದರೆ ಸೀನು ನಿಲ್ಲುವುದಿಲ್ಲ, ಮಾಸ್ಕ್ ಬೇಕೇ ಬೇಕು. ಸ್ಯಾಂಡ್‌ಪೇಪರು 80ರಿಂದ ಶುರುಮಾಡಿ 120, 220, 400; ನಂಬರು ಏರಿದಷ್ಟೂ ನುಣುಪು. ಅಲ್ಲಿಗೆ ನಿಲ್ಲಿಸಬೇಕಿತ್ತು. ಹೊಳಪು ಬರತೊಡಗಿತಲ್ಲ, 1000ದವರೆಗೂ ಹೋದೆ.

“ಶೇಂಗಾ ಎಣ್ಣಿ ಹಚ್ಚೋ, ಮನೀಲೇ ಐತೆ” ಅಂದಳು ಅವ್ವ. ಶೇಂಗಾ ಎಣ್ಣೆ ಒಣಗುವುದಿಲ್ಲ, ಮರದೊಳಗೇ ಉಳಿದು ಕಮಟು ನಾತ ಹೊಡೆಯುತ್ತದೆ. ಅಗಸೆ ಎಣ್ಣೆ ಗಾಳಿಗೆ ನಿಧಾನವಾಗಿ ಗಟ್ಟಿಯಾಗುತ್ತದೆ. “ಅಗಸಿ ಚಟ್ನಿಗಾತು, ಚಾಕುಗೂ ಬೇಕಾ?” ಅಂತ ಅವ್ವ ನಕ್ಕಳು. ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು, ಪೂರ್ತಿ ಒರೆಸಿ, ಎರಡೆರಡು ದಿನ ಬಿಟ್ಟು ನಾಲ್ಕು ಸಲ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು; ಎಣ್ಣೆ ಒಣಗುವಾಗ ಹುಟ್ಟುವ ಕಾವಿಗೆ ತಾನೇ ಹೊತ್ತಿಕೊಳ್ಳಬಹುದು. ಅಂಗಳದಲ್ಲಿ ಬಿಡಿಸಿ ಒಣಹಾಕಿ ಆಮೇಲೆ ಬಿಸಾಕಿದೆ. ಎಣ್ಣೆ ಕುಡಿದ ಬಳ್ಳಾರಿ ಜಾಲಿ ಕೆಂಪು ಮಿಶ್ರಿತ ಕಂದಾಗಿ, ನಡುವೆ ಮೂರು ಹಿತ್ತಾಳೆ ಚುಕ್ಕಿ ಮಿನುಗಿ, ಬಂದವರಿಗೆಲ್ಲ ತೋರಿಸುವ ಹಾಗಾಯಿತು.

ಅಪ್ಪ ಕೈಗೆ ತಗೊಂಡು ತೂಗಿ ನೋಡಿ, “ಚಲೋ ಐತೆ” ಅಂದರು. ಹಿತ್ತಲಿಗೆ ಹೋಗಿ ಎರಡು ತೆಂಗಿನಕಾಯಿ ಸುಲಿದರು. ಬೆವರಿದ ಕೈ, 1000ದ ನುಣುಪು. ಮೂರನೇ ಕಾಯಿಗೆ ಕೈ ಹಾಕುವಾಗ ಚಾಕು ಒಂದಿಷ್ಟು ಜಾರಿತು. ಏನೂ ಆಗಲಿಲ್ಲ. ಅವರೂ ಏನೂ ಅನ್ನಲಿಲ್ಲ. ಒಳಗೆ ಬಂದು ಟ್ಯೂಬಿನ ಒಂದು ಗೇಣು ಕತ್ತರಿಸಿ, ತೋರುಬೆರಳು ಕೂರುವ ಜಾಗಕ್ಕೆ ನಾಲ್ಕು ಸುತ್ತು ಹಾಕಿ, ತುದಿ ಒಳಗೆ ಸಿಕ್ಕಿಸಿ, ಮತ್ತೆ ಹಿತ್ತಲಿಗೆ ಹೋದರು.

ಈಗ ಎರಡು ಪಿನ್ನು ಕಾಣುತ್ತವೆ.