ಅದನ್ನೆಲ್ಲ ಮರೆತುಬಿಡಿ ಮೇಡಂ

ಈ ವಾರ ನಮ್ಮ ಕಚೇರಿಯ ತರಬೇತಿ ಕೊಠಡಿಯಲ್ಲಿ ಕಿವಿಗೆ ಬಿದ್ದ ಒಂದು ಮಾತು ತಲೆಯಿಂದ ಇಳಿಯುತ್ತಲೇ ಇಲ್ಲ. ಅಮೆರಿಕದ ಒಂದು ವಿಮಾ ಕಂಪನಿಗಾಗಿ ಬೆಂಗಳೂರಿನಲ್ಲಿ ಕುಳಿತು ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿಗೆ ಕೋಬಾಲ್ ಎಂಬ ಹಳೆಯ ಭಾಷೆಯಲ್ಲಿ ವರ್ಷಾನುಗಟ್ಟಲೆ ಪ್ರೋಗ್ರಾಮು ಬರೆದ ನಮ್ಮ ತಂಡವನ್ನು ಈಗ ವೆಬ್ ಕೆಲಸಕ್ಕೆ ಅಣಿಗೊಳಿಸುತ್ತಿದ್ದಾರೆ. ಬೆಳಿಗ್ಗೆ ಪುಟಗಳನ್ನು ಕಟ್ಟುವ ಜಾವಾಸ್ಕ್ರಿಪ್ಟ್ ಮತ್ತು ರಿಯಾಕ್ಟ್, ಊಟವಾದ ಮೇಲೆ ಸರ್ವರ್ ಕಡೆಯ ಜಾವಾ ಮತ್ತು ಅದರ ಫ್ರೇಮ್‌ವರ್ಕ್ (ಸಿದ್ಧ ಚೌಕಟ್ಟು) ಸ್ಪ್ರಿಂಗ್ ಬೂಟ್. ಗ್ರಾಹಕರು ಮೇನ್‌ಫ್ರೇಮ್ ಬಿಟ್ಟು ಕ್ಲೌಡ್‌ಗೆ ಹೋಗುತ್ತಿದ್ದಾರೆ. ಜೊತೆಗೆ ಹೋಗಲಾರದವರಿಗೆ ಬೆಂಚ್, ಅಂದರೆ ಪ್ರಾಜೆಕ್ಟಿಲ್ಲದೆ ಕೂರುವ ಸ್ಥಿತಿ, ಕಾದಿದೆ ಎನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಪಾಠ ಮಾಡುವವನು ಇನ್ನೂ ಮೂವತ್ತು ದಾಟದ ದಾವಣಗೆರೆಯ ಹುಡುಗ. ಕೆಲಸ ಬಲ್ಲವನು, ತಾಳ್ಮೆಯೂ ಇದೆ. ಆದರೆ ಎದುರಿಗೆ ಕುಳಿತವರಿಗೆ ಏನು ಗೊತ್ತಿದೆ ಎಂದು ಅವನಿಗೆ ಯಾರೂ ಹೇಳಿ ಕಳಿಸಿಲ್ಲ. ಪಾಠ ಇಂಗ್ಲಿಷಿನಲ್ಲಿ ನಡೆದರೂ, ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಮೇಡಂ ಪ್ರಶ್ನೆ ಕೇಳುವುದು ಮಾತ್ರ ಕನ್ನಡದಲ್ಲಿ, ಮತ್ತು ಅವರು ಕೇಳಿದಾಗ ಅವನೂ ಕನ್ನಡಕ್ಕೆ ಹೊರಳುತ್ತಾನೆ. ಮಂಗಳವಾರ ಅವನು ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮವಾದ ಎಚ್‌ಟಿಟಿಪಿಯ ಬಗ್ಗೆ ಹೇಳುತ್ತಿದ್ದ. ಒಂದು ವಿನಂತಿಗೆ ಉತ್ತರ ಕೊಟ್ಟ ಕೂಡಲೇ ಸರ್ವರ್ ನಿಮ್ಮನ್ನು ಮರೆತುಬಿಡುತ್ತದೆ, ಮುಂದಿನ ಸಲ ನೀವು ಯಾರೆಂದು ನೀವೇ ಹೇಳಬೇಕು, ಮೇನ್‌ಫ್ರೇಮ್‌ನಿಂದ ಬಂದವರಿಗೆ ಇದನ್ನು ಅರಗಿಸಿಕೊಳ್ಳುವುದು ಸ್ವಲ್ಪ ಕಷ್ಟ ಎಂದ.

ಮೇಡಂ ಕೈ ಎತ್ತಿದರು. “ಅಲ್ಲಪ್ಪ, ನಮ್ಮ ಪ್ರೋಗ್ರಾಮೂ ಹಾಗೇ ತಾನೆ? ಸ್ಕ್ರೀನ್ ಕಳಿಸಿ ಮುಗಿದುಹೋಗುತ್ತೆ. ಬಳಸುವವರು ಎಂಟರ್ ಒತ್ತಿದ ಮೇಲೆ ಮತ್ತೆ ಮೊದಲಿಂದ ಬರುತ್ತೆ. ಆ ನಡುವೆ ಇನ್ನೊಬ್ಬರು ಅದೇ ಪಾಲಿಸಿ ಬದಲಾಯಿಸಿದ್ದರೆ ನಿಮ್ಮಲ್ಲಿ ಏನು ಮಾಡ್ತೀರಿ?”

“ಅದನ್ನೆಲ್ಲ ಮರೆತುಬಿಡಿ ಮೇಡಂ. ಮೇನ್‌ಫ್ರೇಮ್ ಯೋಚನೆ ಬಿಟ್ಟರೆ ಇದು ಸುಲಭ. ಫ್ರೇಮ್‌ವರ್ಕ್ ನೋಡಿಕೊಳ್ಳುತ್ತೆ.”

ಅಷ್ಟೇ. ಅವನು ಮುಂದಿನ ಸ್ಲೈಡ್‌ಗೆ ಹೋದ, ಮೇಡಂ ತಮ್ಮ ನೋಟ್‌ಬುಕ್‌ನಲ್ಲಿ ಏನೋ ಬರೆದುಕೊಂಡರು, ಹಿಂದಿನ ಸಾಲಿನಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದ ನಮ್ಮ ಮ್ಯಾನೇಜರ್ ತಲೆಯೆತ್ತಲೂ ಇಲ್ಲ. ಆದರೆ ಆ ಪ್ರಶ್ನೆಯಲ್ಲಿ ಎಷ್ಟು ಅನುಭವ ಅಡಗಿತ್ತು ಎನ್ನುವುದು ಮೇನ್‌ಫ್ರೇಮ್‌ನಲ್ಲಿ ಸ್ಕ್ರೀನ್‌ಗಳ ಮೂಲಕ ನಡೆಯುವ ವ್ಯವಹಾರಗಳನ್ನು ನಿಭಾಯಿಸುವ ಸಿಐಸಿಎಸ್‌ನಲ್ಲಿ ಕೆಲಸ ಮಾಡಿದವರಿಗೆ ಮಾತ್ರ ತಿಳಿದೀತು. 1969ರಲ್ಲಿ ಐಬಿಎಂ ಹೊರತಂದ ಈ ವ್ಯವಸ್ಥೆಯ ಮೇಲೆ ನೂರಾರು ಗುಮಾಸ್ತರು ಒಂದೇ ಯಂತ್ರವನ್ನು ಹಂಚಿಕೊಂಡು ಕೆಲಸ ಮಾಡಬೇಕಿತ್ತು, ಮೆಮೊರಿಯೋ ಚಿನ್ನದಷ್ಟು ದುಬಾರಿ. ಗುಮಾಸ್ತ ಹೆಸರು ಟೈಪ್ ಮಾಡುತ್ತ ಕುಳಿತಿರುವಾಗ, ಅಥವಾ ಎದ್ದು ಕಾಫಿಗೆ ಹೋದಾಗ, ಅವನಿಗಾಗಿ ಒಂದು ಪ್ರೋಗ್ರಾಮನ್ನು ಕಾಯಿಸಿಡುವುದು ಯಾರಿಗೂ ಗಿಟ್ಟುತ್ತಿರಲಿಲ್ಲ. ಆದ್ದರಿಂದ ಪ್ರೋಗ್ರಾಮು ಸ್ಕ್ರೀನನ್ನು ಕಳಿಸಿ, ನೆನಪಿಡಬೇಕಾದ ನಾಲ್ಕು ವಿಷಯಗಳನ್ನು ಕಾಮ್‌ಏರಿಯಾ ಎಂಬ, ಹೆಚ್ಚೆಂದರೆ 32 ಕೆಬಿಯ ಒಂದು ಜಾಗದಲ್ಲಿ ಇಟ್ಟು, ತಾನು ಮುಗಿದುಹೋಗುತ್ತಿತ್ತು; ಗುಮಾಸ್ತ ಎಂಟರ್ ಒತ್ತಿದಾಗ ಹೊಸದಾಗಿ ಶುರುವಾಗಿ, ಕಾಮ್‌ಏರಿಯಾ ನೋಡಿಕೊಂಡು, ತಾನು ಎಲ್ಲಿದ್ದೆ ಎಂದು ಅರಿತುಕೊಳ್ಳುತ್ತಿತ್ತು. ನಾವು ಇದನ್ನು ಸೂಡೊ ಕನ್ವರ್ಸೇಷನಲ್ ಎನ್ನುತ್ತೇವೆ. 24 ಸಾಲು, 80 ಕಾಲಂಗಳ ಗುಮಾಸ್ತನ ಮುಂದಿದ್ದ ಆ 3270 ಟರ್ಮಿನಲ್ ಕೂಡ ಒಂದೊಂದು ಅಕ್ಷರಕ್ಕೂ ಮೇನ್‌ಫ್ರೇಮ್ ಬಾಗಿಲು ತಟ್ಟುತ್ತಿರಲಿಲ್ಲ. ಪೂರ್ತಿ ತುಂಬಿಸಿ ಎಂಟರ್ ಒತ್ತಿದ ಮೇಲೆ ಬದಲಾದ ಫೀಲ್ಡ್‌ಗಳನ್ನು ಮಾತ್ರ ಒಟ್ಟಿಗೆ ಕಳಿಸುತ್ತಿತ್ತು. ವೆಬ್ ಪುಟದಲ್ಲಿ ಫಾರಂ ತುಂಬಿಸಿ ಸಬ್‌ಮಿಟ್ ಒತ್ತುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಬ್ರೌಸರ್‌ಗೆ ನೆನಪಿನ ಚೀಟಿ ಅಂಟಿಸಲು ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯ ಲೂ ಮೊಂಟುಲಿ ಕುಕಿಯನ್ನು ರೂಪಿಸಿದ್ದು 1994ರಲ್ಲಿ. ಅದಕ್ಕೂ ಮುಂಚೆ ಕಾಲು ಶತಮಾನದಿಂದ ನಮ್ಮ ಕಸುಬಿನವರು ಇದೇ ಮರೆವಿನೊಂದಿಗೆ ಸಂಸಾರ ಮಾಡಿದ್ದರು.

ಮತ್ತೆ ಮತ್ತೆ ಆ ಮಾತಿಗೇ ಬರುತ್ತೇನೆ: ಫ್ರೇಮ್‌ವರ್ಕ್ ನೋಡಿಕೊಳ್ಳುತ್ತದೆ. ಮರುದಿನ ಚಹಾ ವಿರಾಮದಲ್ಲಿ ಎಲ್ಲರೂ ಹೊರಗೆ ಹೋದಾಗ ಮೇಡಂ ಕುಳಿತಲ್ಲಿಯೇ ಕುಳಿತು, ತರಬೇತಿಗೆಂದು ಕೊಟ್ಟಿದ್ದ ಮಾದರಿ ಆ್ಯಪನ್ನು ಎರಡು ಕಿಟಕಿಗಳಲ್ಲಿ ತೆರೆದರು. ಎರಡರಲ್ಲೂ ಒಬ್ಬನೇ ಗ್ರಾಹಕ. ಮೊದಲನೆಯದರಲ್ಲಿ ಅವನ ವಿಳಾಸ ಬದಲಾಯಿಸಿ ಸೇವ್ ಮಾಡಿದರು. ಎರಡನೆಯದರಲ್ಲಿ, ಅಂದರೆ ಹಳೆಯ ವಿಳಾಸವನ್ನೇ ತೋರಿಸುತ್ತಿದ್ದ ಕಿಟಕಿಯಲ್ಲಿ, ಫೋನ್ ನಂಬರ್ ಬದಲಾಯಿಸಿ ಸೇವ್ ಮಾಡಿದರು. ಪುಟವನ್ನು ರಿಫ್ರೆಶ್ ಮಾಡಿದಾಗ ಹೊಸ ಫೋನ್ ನಂಬರ್ ಇತ್ತು, ಹೊಸ ವಿಳಾಸ ಇರಲಿಲ್ಲ. ಎರಡನೆಯ ಫಾರಂ ಇಡೀ ರೆಕಾರ್ಡನ್ನೇ ಕಳಿಸಿತ್ತು, ಸರ್ವರ್ ಅದನ್ನು ಹಾಗೆಯೇ ಬರೆದುಕೊಂಡಿತ್ತು. ಯಾವ ಎಚ್ಚರಿಕೆಯೂ ಬರಲಿಲ್ಲ. ಎರಡೂ ಕಡೆ ಹಸಿರು ಬಣ್ಣದಲ್ಲಿ ‘ಯಶಸ್ವಿ’ ಎಂದೇ ಬಂತು.

ಹುಡುಗ ಚಹಾ ಮುಗಿಸಿ ಬಂದಾಗ ಮೇಡಂ ಏನೂ ಹೇಳದೆ ಅದನ್ನೇ ಮತ್ತೊಮ್ಮೆ ಮಾಡಿ ತೋರಿಸಿದರು. ಅವನು ಬಗ್ಗಿ ನೋಡಿದ, ಕೋಡ್ ತೆರೆಸಿದ, ಟೇಬಲ್‌ನಲ್ಲಿ ರೆಕಾರ್ಡ್ ಬದಲಾದಾಗಲೆಲ್ಲ ಏರುವ ಸಂಖ್ಯೆಯ ವರ್ಷನ್ ಕಾಲಂ ಇಲ್ಲದ್ದನ್ನು ಕಂಡ. ಸ್ಪ್ರಿಂಗ್‌ನಡಿ ಡೇಟಾಬೇಸಿಗೆ ಬರೆಯಲು ನಾವು ಬಳಸುವ ಜೆಪಿಎ, ನಡುವೆ ಆದ ಬದಲಾವಣೆಯನ್ನು ಹಿಡಿಯುವ ಕೆಲಸವನ್ನು ನಿಜಕ್ಕೂ ಮಾಡಬಲ್ಲದು. ಆದರೆ ಪ್ರತಿ ರೆಕಾರ್ಡಿಗೂ ಒಂದು ವರ್ಷನ್ ಸಂಖ್ಯೆ ಇಟ್ಟು, ಇದನ್ನು ಗಮನಿಸು ಎಂದು ಬರೆದು ಹೇಳಿದರೆ ಮಾತ್ರ. ಹೇಳದಿದ್ದರೆ ಕೊನೆಗೆ ಬರೆದವನದೇ ಗೆಲುವು. ನಾವು ಸಿಐಸಿಎಸ್‌ನಲ್ಲಿ ಮಾಡುತ್ತಿದ್ದುದೂ ಇದನ್ನೇ, ಕೈಯಾರೆ: ಮೊದಲು ಓದಿದ ರೆಕಾರ್ಡಿನ ಒಂದು ಪ್ರತಿಯನ್ನು ಕಾಮ್‌ಏರಿಯಾದಲ್ಲಿ ಇಟ್ಟುಕೊಂಡು, ಬರೆಯುವ ಮುನ್ನ ಮತ್ತೆ ಓದಿ, ಹೋಲಿಸಿ, ಬದಲಾಗಿದ್ದರೆ ಗುಮಾಸ್ತನಿಗೆ ತಿಳಿಸುವುದು. ಅಂದರೆ ಫ್ರೇಮ್‌ವರ್ಕ್ ನೋಡಿಕೊಳ್ಳುವುದು ಏನನ್ನು ನೋಡಬೇಕೆಂದು ಬಲ್ಲವರು ಇದ್ದಾಗ. ಆ ಬಲ್ಲವರಿಗೇ ಮರೆಯಲು ಹೇಳಿದರೆ ಉಳಿಯುವುದು ಹಸಿರು ಬಣ್ಣದ ‘ಯಶಸ್ವಿ’ ಮಾತ್ರ.

ಹಾಗೆಂದು ನಮ್ಮವರೆಲ್ಲ ಸರ್ವಜ್ಞರೆಂದು ನಾನು ಹೇಳುತ್ತಿಲ್ಲ. ಪಕ್ಕದ ಸಾಲಿನಲ್ಲಿ ಒಬ್ಬರಿದ್ದಾರೆ. ಏನೇ ತೋರಿಸಿದರೂ ‘ಇದು ನಮ್ಮಲ್ಲಿ ಆಗಲೇ ಇತ್ತು’ ಎಂದು ನಕ್ಕುಬಿಡುತ್ತಾರೆ, ಇದುವರೆಗೆ ಒಂದು ಪುಟವನ್ನೂ ತಾವಾಗಿ ಕಟ್ಟಿಲ್ಲ. ಅವರ ಹೆಮ್ಮೆಗೂ ಮೇಡಂ ಪ್ರಶ್ನೆಗೂ ಸಂಬಂಧವೇ ಇಲ್ಲ. ನಮಗೆ ನಿಜವಾಗಿ ಕಷ್ಟವಾಗುತ್ತಿರುವ ಸಂಗತಿಗಳು ಬೇರೆಯೇ ಇವೆ, ಮತ್ತು ಪಠ್ಯಕ್ರಮ ಅವುಗಳ ಮೇಲೆ ಅವಸರದಲ್ಲಿ ಹಾರಿಹೋಗುತ್ತದೆ. ಕೋಬಾಲ್‌ನಲ್ಲಿ ಒಂದು ಸಾಲು ಮುಗಿಯದೆ ಮುಂದಿನ ಸಾಲು ಶುರುವಾಗುವುದಿಲ್ಲ. ಫೈಲ್ ಓದು ಎಂದರೆ ಓದಿಯೇ ಮುಂದಕ್ಕೆ ಹೋಗುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಸರ್ವರ್‌ನಿಂದ ಮಾಹಿತಿ ತಾ ಎಂದರೆ ಅದು ಬರುವ ಮೊದಲೇ ಮುಂದಿನ ಸಾಲು ಓಡಿಬಿಟ್ಟಿರುತ್ತದೆ. ನಮ್ಮಲ್ಲಿ ಅತ್ಯಂತ ಅಚ್ಚುಕಟ್ಟಾಗಿ ಕೋಡ್ ಬರೆಯುವ ಗೆಳೆಯನೊಬ್ಬ ಪರದೆಯ ಮೇಲೆ ‘ಅನ್‌ಡಿಫೈನ್ಡ್’ ಎಂಬ ಒಂದೇ ಪದವನ್ನು ನೋಡುತ್ತ ಅರ್ಧ ದಿನ ಕಳೆದ. 2017ರಲ್ಲಿ ಭಾಷೆಯ ಮಾನಕಕ್ಕೆ ಸೇರಿದ, ‘ಬರುವವರೆಗೆ ಕಾಯಿ’ ಎನ್ನುವ ಅಸಿಂಕ್–ಅವೇಟ್ ಈ ತೊಂದರೆಯನ್ನು ಕಣ್ಣಿಗೆ ಕಾಣದಂತೆ ಮಾಡುತ್ತದೆ, ಆದರೆ ಒಳಗಿನ ನಡೆಯನ್ನು ಅರಿಯದವರಿಗೆ ಅದು ಇನ್ನೂ ದೊಡ್ಡ ಗೊಂದಲ. ಇದಕ್ಕೆ ಕೊಟ್ಟದ್ದು ಒಂದು ಗಂಟೆ. ಬಟನ್‌ಗೆ ಬಣ್ಣ ಹಚ್ಚುವುದಕ್ಕೆ ಒಂದು ಪೂರ್ತಿ ಬೆಳಗು.

ಇನ್ನು ಸಲಕರಣೆಗಳ ಮಾತು. ಮೇನ್‌ಫ್ರೇಮ್‌ನಲ್ಲಿ ಎಂಬತ್ತರ ದಶಕದಲ್ಲಿ ಕಂಪೈಲ್ ಮಾಡಿದ ಪ್ರೋಗ್ರಾಮು ಇಂದಿಗೂ ಓಡುವುದನ್ನು ನೋಡಿದವರು ನಾವು. ಇಲ್ಲಿ ನಮಗೆ ಹಂಚಿದ ಕೈಪಿಡಿಯ ಮೊದಲ ಪಾಠವೇ ಹೊಸ ಪ್ರಾಜೆಕ್ಟ್ ಶುರುಮಾಡಲು ಕ್ರಿಯೇಟ್ ರಿಯಾಕ್ಟ್ ಆ್ಯಪ್ ಎಂಬ ಸಲಕರಣೆ ಬಳಸಿ ಎನ್ನುತ್ತದೆ. ಅದನ್ನು ರಿಯಾಕ್ಟ್ ತಂಡದವರೇ 2025ರ ಫೆಬ್ರವರಿಯಲ್ಲಿ ಕೈಬಿಟ್ಟರು. ಹೊಸದನ್ನು ಕಲಿಯಿರಿ ಎಂದು ಹಳೆಯ ಕೈಪಿಡಿ ಕೊಟ್ಟವರು ಯಾರೋ, ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹಣದ ಲೆಕ್ಕ ಬಂದ ದಿನವೂ ಇಂಥದೇ ಒಂದು ಕ್ಷಣ ಬಂದಿತ್ತು. ಜಾವಾಸ್ಕ್ರಿಪ್ಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುವುದನ್ನು ಹುಡುಗ ಒಂದು ತಮಾಷೆಯಾಗಿ ತೋರಿಸಿದ, ಕೊಠಡಿಯೆಲ್ಲ ನಕ್ಕಿತು. ಪ್ರೀಮಿಯಂ ಲೆಕ್ಕದ ಪ್ರೋಗ್ರಾಮುಗಳನ್ನು ನೋಡಿಕೊಳ್ಳುವ ಸಹೋದ್ಯೋಗಿಯೊಬ್ಬರು ಮಾತ್ರ ನಗಲಿಲ್ಲ. ಕೋಬಾಲ್‌ನಲ್ಲಿ ಸಂಖ್ಯೆಗಳನ್ನಿಡುವ ಕಾಂಪ್-3 ರೂಪದಲ್ಲಿ ಒಂಬತ್ತು ಅಂಕಿ ಮತ್ತು ಒಂದು ಚಿಹ್ನೆ 5 ಬೈಟ್‌ನಲ್ಲಿ ಕುಳಿತುಕೊಳ್ಳುತ್ತವೆ, ದಶಮಾಂಶ ದಶಮಾಂಶವಾಗಿಯೇ ಉಳಿಯುತ್ತದೆ. ಹಾಗಾದರೆ ಲಕ್ಷಗಟ್ಟಲೆ ಪಾಲಿಸಿಗಳ ಮೊತ್ತವನ್ನು ಎಲ್ಲಿ ಕೂಡಿಸುತ್ತೀರಿ, ಬ್ರೌಸರ್‌ನಲ್ಲೋ ಸರ್ವರ್‌ನಲ್ಲೋ ಎಂದು ಅವರು ಕೇಳಿದರು. ಜಾವಾದಲ್ಲಿ ದಶಮಾಂಶವನ್ನು ನಿಖರವಾಗಿ ಇಡುವ ಬಿಗ್‌ಡೆಸಿಮಲ್ ಇದೆ ಎಂಬ ಸರಿಯಾದ ಉತ್ತರ ಸಿಕ್ಕಿತು. ಆದರೆ ಅದು ಸಿಕ್ಕಿದ್ದು ಅವರು ಕೇಳಿದ್ದಕ್ಕೆ, ಸ್ಲೈಡ್‌ನಲ್ಲಿ ಇದ್ದುದಕ್ಕಲ್ಲ.

ನಮ್ಮಲ್ಲಿ ಬಹಳ ಮಂದಿ ಈ ಕಸುಬಿಗೆ ಬಂದದ್ದೇ ಮರುತರಬೇತಿಯಿಂದ. 2000ನೇ ಇಸವಿ ಬಂದಾಗ ಎರಡಂಕಿಯ ದಿನಾಂಕಗಳು ಕೆಡುತ್ತವೆ ಎಂಬ ವೈ2ಕೆ ಗಡಿಬಿಡಿಯಲ್ಲಿ ಬೆಂಗಳೂರಿನ ಕಂಪನಿಗಳು ಸಿವಿಲ್, ಮೆಕ್ಯಾನಿಕಲ್ ಓದಿದವರನ್ನೂ ಕರೆದು, ಕೆಲವು ತಿಂಗಳು ಕೋಬಾಲ್ ಮತ್ತು ಮೇನ್‌ಫ್ರೇಮ್ ಕೆಲಸಗಳನ್ನು ಓಡಿಸುವ ಜೆಸಿಎಲ್ ಕಲಿಸಿ, ಎರಡಂಕಿಯ ಇಸವಿಗಳನ್ನು ನಾಲ್ಕಂಕಿ ಮಾಡಲು ಕೂರಿಸಿದವು. ಮೇಡಂ ಅವರೂ ಹಾಗೆ ಬಂದವರೇ, ಓದಿದ್ದು ಸಿವಿಲ್. ಆಗ ಸಿವಿಲ್ ಎಂಜಿನಿಯರಿಂಗ್ ಮರೆತುಬಿಡಿ ಎಂದು ಯಾರೂ ಹೇಳಲಿಲ್ಲವಂತೆ. ಮೇಲಾಗಿ, ಡ್ರಾಯಿಂಗ್ ನೋಡಿ ಅಭ್ಯಾಸ ಇರುವವರು ಸ್ಕ್ರೀನ್ ಲೇಔಟ್ ಬೇಗ ಹಿಡಿಯುತ್ತಾರೆ ಎಂದು ಹುರಿದುಂಬಿಸಿದ್ದರಂತೆ. ಇಪ್ಪತ್ತೈದರ ವಯಸ್ಸಿನಲ್ಲಿ ಬಂಡವಾಳವಾಗಿ ಕಂಡ ಹಿಂದಿನ ಕಲಿಕೆ ಐವತ್ತರ ಹೊತ್ತಿಗೆ ಹೊರೆಯಾಗಿ ಕಾಣುವುದಾದರೆ, ಬದಲಾದದ್ದು ಕಲಿಕೆಯಲ್ಲ, ನೋಡುವವರ ಕಣ್ಣು. ನಲವತ್ತೈದು ದಾಟಿದ ಮೇಲೆ ಗ್ರಹಿಕೆ ಕಡಿಮೆಯಾಗುತ್ತದೆ ಎಂದು ನಮ್ಮ ಮ್ಯಾನೇಜರ್ ಲಿಫ್ಟ್‌ನಲ್ಲಿ ಯಾರಿಗೋ ಹೇಳುತ್ತಿದ್ದರು. ನಲವತ್ತಮೂರರ ಅವರಿಗೆ ಇನ್ನು ಎರಡು ವರ್ಷ ಇದೆ.

ಮತ್ತೊಂದು ವಿಚಿತ್ರ: ಯಾವುದನ್ನು ಮರೆಯಬೇಕೆಂದು ಹೇಳುತ್ತಾರೋ ಅದನ್ನೇ ಹೊಸ ವ್ಯವಸ್ಥೆ ಚಾಚೂ ತಪ್ಪದೆ ಮಾಡಿ ತೋರಿಸಬೇಕಾಗಿದೆ. ಯಾವ ರಾಜ್ಯದಲ್ಲಿ ಕಂತು ತಪ್ಪಿದ ಎಷ್ಟು ದಿನಕ್ಕೆ ಪಾಲಿಸಿ ರದ್ದಾಗುತ್ತದೆ, ರದ್ದಾದ ಮೇಲೆ ಬಂದ ಚೆಕ್ಕನ್ನು ಏನು ಮಾಡಬೇಕು ಎಂಬುದೆಲ್ಲ ಆ ಹಳೆಯ ಕೋಬಾಲ್ ಕೋಡಿನ ಪ್ಯಾರಾಗ್ರಾಫ್‌ಗಳಲ್ಲಿ ಇದೆ, ಇಲ್ಲವೇ ಅವನ್ನು ತಿದ್ದಿದವರ ತಲೆಯಲ್ಲಿ ಇದೆ. 2020ರ ಏಪ್ರಿಲ್‌ನಲ್ಲಿ ನಿರುದ್ಯೋಗ ಭತ್ಯೆಯ ಅರ್ಜಿಗಳು ಮುಗಿಬಿದ್ದಾಗ ನ್ಯೂ ಜೆರ್ಸಿಯ ಆಗಿನ ಗವರ್ನರ್ ಫಿಲ್ ಮರ್ಫಿ ಕೋಬಾಲ್ ಬಲ್ಲ ಸ್ವಯಂಸೇವಕರು ಬೇಕು ಎಂದು ಬಹಿರಂಗವಾಗಿ ಕೇಳಿಕೊಂಡದ್ದು ನಮ್ಮ ಕಸುಬಿನಲ್ಲಿ ಬಹಳ ಓಡಾಡಿದ ಸುದ್ದಿ. ಬಲ್ಲವರನ್ನು ಮನೆಗೆ ಕಳಿಸಿದ ಮೇಲೆ ಮತ್ತೆ ಹುಡುಕುವುದಕ್ಕಿಂತ, ಇರುವಾಗಲೇ ಅವರನ್ನು ಕೇಳುವುದು ಅಗ್ಗ.

ಹುಡುಗನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಬುಧವಾರ ಸಂಜೆ ಅವನೇ ಮೇಡಂ ಮೇಜಿನ ಬಳಿಗೆ ಬಂದು, ಕಾಮ್‌ಏರಿಯಾ ಎಂದರೇನು ಎಂದು ಕೇಳಿ, ಅವರು ಬಿಡಿಸಿದ ಚಿತ್ರದ ಫೋಟೋ ತೆಗೆದುಕೊಂಡ. ಒಂದು ಸಿಐಸಿಎಸ್ ಪ್ರೋಗ್ರಾಮನ್ನೂ ಅದೇ ಕೆಲಸ ಮಾಡುವ ವೆಬ್ ಪುಟವನ್ನೂ ಅಕ್ಕಪಕ್ಕ ಇಟ್ಟು ಪಾಠ ಮಾಡಿದರೆ ಮುಂದಿನ ಬ್ಯಾಚಿಗೆ ಅರ್ಧ ಸಮಯ ಉಳಿಯುತ್ತದೆ ಎಂದು ಇಬ್ಬರೂ ಸೇರಿ ಲೆಕ್ಕ ಹಾಕಿದರು. ಅದನ್ನು ಸಿದ್ಧಪಡಿಸಲು ಮೇಡಂ ಅವರ ಅರ್ಧ ದಿನ ಬೇಕು ಎಂದು ಅವನು ಮ್ಯಾನೇಜರ್‌ಗೆ ಮೇಲ್ ಹಾಕಿದ. ಆ ಅರ್ಧ ದಿನವನ್ನು ಟೈಮ್‌ಶೀಟ್‌ನಲ್ಲಿ ಯಾವ ಕೋಡ್‌ಗೆ ಹಾಕಬೇಕು ಎಂದು ಅವರು ಮರುಪ್ರಶ್ನೆ ಕೇಳಿದ್ದಾರೆ.